ಸುತ್ತ ಒಂದು ಬೆರಳು

ಸಾಯುತ್ತಾ ಮಲಗಿದ ಮುದುಕನ ಮುಂದೆ 'ನನ್ನ ಕೈಲಾಗದು' ಎನ್ನುವ ಎದೆ ಯಾರಿಗಿದೆ ಹೇಳಿ. ದೆಸೂಕಿಗೂ ಇರಲಿಲ್ಲ. ನಮ್ಮ ಗುಡಾರ ಹೊಲಿಯುವವರ ಬೀದಿಗೆಲ್ಲ ಹಿರಿಯನಾದ ಹಾಜಿ ತುಹಾಮಿ, ಒಣಗಿದ ಕೈಯಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡು, ಕೋಣೆ ತುಂಬ ನೆರೆದಿದ್ದ ಕಸುಬಿನವರ ಎದುರಿಗೇ ಕೇಳಿದ್ದ.

"ದೆಸೂಕಿ, ನಾನು ಸತ್ತ ನಲವತ್ತನೇ ದಿನ ಕುರಾನ್ ಓದೋರ ಬೆನ್ನ ಹಿಂದೆ ನಿಮ್ಮಪ್ಪನ ಎಂಟು ಮೂಲೆ ನಕ್ಷತ್ರ ಇರಬೇಕು ಕಣಪ್ಪ. ನಾಲ್ಕು ಮೊಳದ್ದಲ್ಲ, ಆರು ಮೊಳದ್ದು. ಒಂದೇ ನಕ್ಷತ್ರ. ಬೀದಿ ಆ ತುದೀಲಿ ನಿಂತೋನಿಗೂ ಕಾಣಬೇಕು. ನಿನ್ನ ಕೈಯಿಂದ್ಲೇ ಆಗಬೇಕು."

"ನನ್ನ ಕಣ್ಣ ಮೇಲಿಟ್ಟು ಮಾಡ್ತೀನಿ, ಹಾಜಿ," ಎಂದುಬಿಟ್ಟ ದೆಸೂಕಿ. ಮುದುಕ ಚೇತರಿಸಿಕೊಂಡಾನು ಎಂಬ ಆಸೆ ಅವನಿಗೆ. ಮುದುಕ ಮೂರನೇ ದಿನಕ್ಕೇ ಹೊರಟುಹೋದ.

ಈಗ ನಿಜ ಸಂಗತಿ ಕೇಳಿ. ಕೈರೋ ಊರಿಗೇ ಹೆಸರಾಗಿದ್ದ, ಕಸುಬಿನ ಗುರುವೆಂದು ಜನ ಉಸ್ತಾ ಎನ್ನುತ್ತಿದ್ದ ದೆಸೂಕಿಗೆ, ಮದುವೆಯ ಗುಡಾರಕ್ಕೂ ಸಾವಿನ ಗುಡಾರಕ್ಕೂ ಅವನ ನಕ್ಷತ್ರವೇ ಬೇಕು ಎಂದು ಜನ ಕಾದು ಒಯ್ಯುತ್ತಿದ್ದ ಆ ದೊಡ್ಡ ಮನುಷ್ಯನಿಗೆ, ನಕ್ಷೆ ಬರೆಯಲು ಬರುತ್ತಿರಲಿಲ್ಲ. ಒಂದು ಗೆರೆಯೂ ಬರುತ್ತಿರಲಿಲ್ಲ.

ಅವನಿಗೆ ಬರುತ್ತಿದ್ದದ್ದು ಇಳಿಸುವುದು. ನಮ್ಮಲ್ಲಿ ನಕ್ಷೆಯ ಕಾಗದವನ್ನು ಎಂಟು ಮಡಿಕೆ ಮಾಡುತ್ತಾರೆ. ಮೇಲಿನ ಒಂದು ಮಡಿಕೆಯ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಎಂಟೂ ಪದರಕ್ಕೆ ತಾಗುವ ಹಾಗೆ ಚುಚ್ಚುತ್ತಾರೆ. ಬಿಡಿಸಿದರೆ ಎಂಟು ಭಾಗವೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿಲ್ಲದೆ ಒಂದೇ. ಬಟ್ಟೆಯ ಮೇಲೆ ಅದನ್ನು ಹಾಸಿ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ತೂತುಗಳಿಂದ ಪುಡಿ ಇಳಿದು ನಕ್ಷತ್ರ ಮೂಡುತ್ತದೆ. ಆಮೇಲೆ ಬಣ್ಣದ ಬಟ್ಟೆಯ ತುಂಡುಗಳನ್ನು ಕತ್ತರಿಸಿ, ಅಂಚು ಮಡಚಿ, ಹಚ್ಚಿ ಹೊಲಿಯುವುದು. ಕಾಗದ ಎಷ್ಟು ದೊಡ್ಡದೋ ನಕ್ಷತ್ರ ಅಷ್ಟೇ ದೊಡ್ಡದು.

ದೆಸೂಕಿಯ ಅಪ್ಪ ಉಸ್ತಾ ಹನಫಿ ನಕ್ಷೆ ಬರೆಯುವುದರಲ್ಲಿ ಎತ್ತಿದ ಕೈ. ಮಗನಿಗೆ ಕತ್ತರಿ ಕಲಿಸಿದ, ಸೂಜಿ ಕಲಿಸಿದ, 'ನಕ್ಷೆ ನಾಳೆ ಕಲಿಯುವಿಯಂತೆ' ಎನ್ನುತ್ತಲೇ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಬಿದ್ದ. ದೆಸೂಕಿಗೆ ಆಗ ಇಪ್ಪತ್ತಮೂರು. ಮೂರನೇ ದಿನ ಮಾತಾಡಿಸಲು ಬಂದವರಲ್ಲಿ ಯಾರೋ ಕೇಳಿದರು: "ನಕ್ಷೆ ನಿನಗೆ ಬರುತ್ತೆ ತಾನೆ?" ದೆಸೂಕಿ "ಹ್ಞೂಂ" ಎಂದ. ಅಷ್ಟೇ. ಆ ಒಂದು ಹ್ಞೂಂಕಾರದೊಳಗೆ ಹೊಕ್ಕವನು ಇಪ್ಪತ್ತಮೂರು ವರ್ಷವಾದರೂ ಹೊರಗೆ ಬಂದಿರಲಿಲ್ಲ.

ಅಪ್ಪನ ಪೆಟ್ಟಿಗೆಯಲ್ಲಿ ನಲವತ್ತೊಂದು ಕಾಗದಗಳಿದ್ದವು, ಎಲ್ಲವೂ ನಾಲ್ಕು ಮೊಳದವು. ವರ್ಷಕ್ಕೊಂದೋ ಎರಡೋ ಹೊರಗೆ ತೆಗೆದು 'ಹೊಸ ನಕ್ಷೆ' ಎಂದು ತೋರಿಸಿದ. ದೊಡ್ಡದು ಬೇಕು, ಚಿಕ್ಕದು ಬೇಕು ಎಂದು ಬಂದವರಿಗೆ, "ಅಳತೆ ಬದಲಾಯಿಸಿದರೆ ನಕ್ಷತ್ರದ ಜೀವ ಹೋಗುತ್ತೆ, ನಮ್ಮಪ್ಪ ಹೇಳ್ತಿದ್ರು," ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಜನವೂ ನೋಡಿ, ಎಂಥ ನಿಷ್ಠೆ ಎಂದು ತಲೆದೂಗಿದರು! ಬರದ ವಿದ್ಯೆಯನ್ನು ವ್ರತ ಮಾಡಿಕೊಂಡ ಭೂಪ.

ಇಷ್ಟಕ್ಕೇ ನಿಲ್ಲಿಸಿದ್ದರೆ ಬೇರೆ ಮಾತು. ಎದುರುಗಡೆ ಅಂಗಡಿಯ ಬಯೂಮಿ ಹನಫಿಯ ಬಳಿ ಹತ್ತು ವರ್ಷ ಕಲಿತವನು, ನಕ್ಷೆ ಬಲ್ಲವನು. ಗುರು ತೀರಿಕೊಂಡ ಮರುವರ್ಷ ಅವನು ಒಬ್ಬ ಗಿರಾಕಿಗೆ ಗುರುವಿನ ನಕ್ಷತ್ರವನ್ನೇ ಐದು ಮೊಳಕ್ಕೆ ಬರೆದು ಹೊಲಿದ. ದೆಸೂಕಿ ಹೆದರಿದ. ಹೀಗೆ ದೊಡ್ಡದು ಮಾಡಬಹುದು ಎಂದು ಬೀದಿಗೆ ಗೊತ್ತಾದರೆ ತನ್ನ ವ್ರತದ ಗತಿ? ಕೂತಲ್ಲಿಂದಲೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ನೋಡ್ರಪ್ಪೋ, ನಮ್ಮಪ್ಪನ ನಕ್ಷತ್ರಕ್ಕೆ ಗಾಳಿ ಊದಿ ಉಬ್ಬಿಸಿದ್ದಾನೆ ಬಯೂಮಿ! ಗುರೂನ ಗೋರಿ ಮಣ್ಣು ಇನ್ನೂ ಹಸಿ ಇದೆ!" ಜನ ನಕ್ಕರು. 'ಉಬ್ಬಿಸೋ ಬಯೂಮಿ' ಎಂಬ ಹೆಸರು ಅಂಟಿಕೊಂಡಿತು. ದೊಡ್ಡ ಗಿರಾಕಿಗಳು ಅವನತ್ತ ಸುಳಿಯಲಿಲ್ಲ. ಅಂದಿನಿಂದ ಅವನು ದಿಂಬಿನ ಚೀಲ ಹೊಲಿಯುತ್ತಾ ಕೂತ, ಒಂದು ಮಾತೂ ತಿರುಗಿ ಆಡಲಿಲ್ಲ.

ನಮ್ಮ ಬೀದಿ ನೋಡಿದವರಿಗೆ ಗೊತ್ತು, ಮೇಲೆ ಮರದ ಚಾವಣಿ, ಕೆಳಗೆ ಎರಡು ಸಾಲು ಅಂಗಡಿ, ನಡುವೆ ಐದು ಹೆಜ್ಜೆ. ಎತ್ತರದ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಎದುರಿನವನ ಮುಖವೇ ಕಣ್ಣಿಗೆ ಬೀಳಬೇಕು. ಇಪ್ಪತ್ತಮೂರು ವರ್ಷ ಬೆಳಗಿನಿಂದ ಸಂಜೆಯವರೆಗೆ ದೆಸೂಕಿ ಬಯೂಮಿಯ ಮುಖ ನೋಡುತ್ತಾ ಕೂತಿದ್ದ. ಎದ್ದು ಬೇರೆಲ್ಲಿಗೆ ಹೋದಾನು? ಅಪ್ಪನ ಅಂಗಡಿ, ಅಪ್ಪನ ಜಾಗ, ಅಪ್ಪನ ಹೆಸರು.

ತುಹಾಮಿಯ ನಲವತ್ತಕ್ಕೆ ಎರಡು ವಾರ ಉಳಿದಾಗ ಅವನ ಮಗ ಶೌಕತ್ ಬಂದ. "ಉಸ್ತಾ, ಗುರುವಾರ ನಾಲ್ಕು ಜನ ಹೊಲಿಯೋರನ್ನ ಕಳಿಸ್ತೀನಿ. ತುಂಡೆಲ್ಲ ಕತ್ತರಿಸಿ ರೆಡಿ ಇಟ್ಟಿರಿ. ಅಪ್ಪ ಕೊನೇವರೆಗೂ ಅದನ್ನೇ ಹೇಳ್ತಿದ್ರು." ಆವತ್ತು ಶನಿವಾರ. ಗುರುವಾರ ಆ ನಕ್ಷತ್ರ ಇರದಿದ್ದರೆ ಸತ್ತವನಿಗೆ ಕೊಟ್ಟ ಮಾತು ಹೋಯಿತು. ಆಮೇಲೆ ಈ ಬೀದಿಯಲ್ಲಿ ಯಾರೂ ಅವನನ್ನು ಉಸ್ತಾ ಎನ್ನುವುದಿಲ್ಲ.

ಮನೆಗೆ ಹೋದರೆ ಮಗಳು ಸಬ್ರೀನ್ ಪರೀಕ್ಷೆಗೆ ಓದುತ್ತಿದ್ದಳು. "ಆಕಾರವೂ ಅಳತೆಯೂ ಒಂದೇ ಆದರೆ ಸರ್ವಸಮ. ಆಕಾರ ಒಂದೇ ಇದ್ದು ಅಳತೆ ಬೇರೆಯಾದರೆ ಸಮರೂಪ."

ದೆಸೂಕಿಯ ಕಿವಿ ನೆಟ್ಟಗಾಯಿತು. "ಆಕಾರ ಒಂದೇ ಅಂತ ಹೆಂಗೆ ಗೊತ್ತಾಗುತ್ತೆ ಮಗಳೇ?"

"ಕೋನ ಎಲ್ಲ ಸಮ ಇದ್ರೆ ಆಯ್ತಪ್ಪ. ಟೀಚರ್ ಹೇಳಿದ್ರು."

"ಅಷ್ಟೇ ಸಾಕಾ?"

"ಸಾಕು. ನಮಗಿನ್ನೂ ತ್ರಿಕೋನದವರೆಗೆ ಮಾತ್ರ ಆಗಿದೆ," ಎಂದಳು ಸಬ್ರೀನ್. ಪಾಪ, ಅವಳು ಸರಿಯಾಗಿಯೇ ಹೇಳಿದ್ದಳು. ಕೇಳಿಸಿಕೊಂಡವನು 'ಸಾಕು' ಎಂಬಲ್ಲಿಗೇ ಎದ್ದುಹೋಗಿದ್ದ.

ಕೋನ ಕೆಡದ ಹಾಗೆ ದೊಡ್ಡದು ಮಾಡುವುದು ಹೇಗೆ? ಗುಡಾರದವನಿಗೆ ಇದನ್ನು ಹೇಳಿಕೊಡಬೇಕೇ! ಅಂಚು ಮಡಚಲೆಂದು ಪ್ರತಿ ತುಂಡಿಗೂ ಸುತ್ತ ಉಗುರಿನಷ್ಟು ಬಟ್ಟೆ ಬಿಟ್ಟೇ ಕತ್ತರಿಸುವುದು ನಮ್ಮ ಕೈಗೆ ಹುಟ್ಟಿನಿಂದ ಬಂದದ್ದು. ಸುತ್ತ ಸಮನಾಗಿ ಬಿಟ್ಟರೆ ಮೂಲೆ ಎಲ್ಲಿಯೂ ಕೆಡುವುದಿಲ್ಲ. ಉಗುರಿನ ಬದಲು ಜಾಸ್ತಿ ಬಿಟ್ಟರಾಯಿತಲ್ಲ? ದೆಸೂಕಿ ಲೆಕ್ಕ ಹಾಕಿದ. ನಾಲ್ಕು ಮೊಳಕ್ಕೆ ತೊಂಬತ್ತಾರು ಬೆರಳು, ಆರು ಮೊಳಕ್ಕೆ ನೂರ ನಲವತ್ತನಾಲ್ಕು. ಕೊರತೆ ನಲವತ್ತೆಂಟು. ನಕ್ಷೆಯ ನಡುಗೆರೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಎಣಿಸಿದರೆ ಇಪ್ಪತ್ತನಾಲ್ಕು ತುಂಡು. ತುಂಡಿಗೆ ಎರಡು ಬೆರಳು. ಅಂದರೆ ಆಚೆಗೊಂದು, ಈಚೆಗೊಂದು. ಸುತ್ತ ಒಂದು ಬೆರಳು! ಒಂದು ಚೂರೂ ಮಿಕ್ಕದೆ ಬಂದ ಲೆಕ್ಕ ನೋಡಿ ಅವನಿಗೆ ಅಪ್ಪನೇ ಬಂದು ಬೆನ್ನು ತಟ್ಟಿದಷ್ಟು ಸಂತೋಷವಾಯಿತು.

ಭಾನುವಾರ, ಸೋಮವಾರ ರಟ್ಟಿನಲ್ಲಿ ಅಚ್ಚು ಕತ್ತರಿಸಿದ. ಮಂಗಳವಾರ ಬಟ್ಟೆ ಕತ್ತರಿಸಿದ. ಒಳ್ಳೆಯ ಬಟ್ಟೆ, ಕೆಂಪು, ಕಡುನೀಲಿ, ಬಿಳಿ. ಬುಧವಾರ ಮಧ್ಯಾಹ್ನ ಅಂಗಡಿಯ ಸುರುಳಿ ಕದವನ್ನು ಅರ್ಧ ಕೆಳಗೆಳೆದುಕೊಂಡು, ನೆಲದ ಮೇಲೆ ಕಾಲು ಭಾಗವನ್ನು ಜೋಡಿಸಲು ಕೂತ.

ನಡುವಿನ ನಕ್ಷತ್ರ ಇಟ್ಟ. ನಡುಗೆರೆಯ ಸಾಲು ಇಡುತ್ತಾ ಹೋದ. ಅರ್ಧ ಬೆರಳು ಆಚೀಚೆ ಬಿಟ್ಟರೆ ಸಾಲು ಅಂಚಿಗೇ ಬಂದು ನಿಂತಿತು. "ಅಲ್‌ಹಮ್ದುಲಿಲ್ಲಾ," ಎಂದು ಉಸಿರು ಬಿಟ್ಟ. ಪಕ್ಕದ ಸಾಲಿಗೆ ಕೈಹಾಕಿದ. ಆರು ಬದಿಯ ಉದ್ದನೆ ತುಂಡಿಗೆ ನಾವು ದೋಣಿ ಎನ್ನುತ್ತೇವೆ, ನಕ್ಷತ್ರದ ಎರಡು ಮೂಲೆಗಳ ನಡುವೆ ಅದು ತೆಳ್ಳಗೆ ನುಸುಳಿ ಕೂರಬೇಕು. ಕೂರಲಿಲ್ಲ. ಬದನೆಕಾಯಿಯ ಹಾಗೆ ಹೊಟ್ಟೆ ಬಿಟ್ಟುಕೊಂಡು ಪಕ್ಕದ ತುಂಡಿನ ಮೇಲೆ ಹತ್ತಿಕೊಂಡಿತು. ಅದನ್ನು ಆಚೆ ತಳ್ಳಿದರೆ ನಕ್ಷತ್ರದ ಪಕ್ಕ ಕಾಫಿ ಬಟ್ಟಲು ಇಡುವಷ್ಟು ಸಂದು. ಸಂದು ಮುಚ್ಚಲು ಈಚೆ ಎಳೆದರೆ ಹೊರಗಿನ ಸಾಲು ಬಾಯಿ ಬಿಟ್ಟಿತು. ಅಲ್ಲಿ ತಳ್ಳಿದ, ಇಲ್ಲಿ ಎಳೆದ, ತಿರುಗಿಸಿ ಇಟ್ಟ. ಪ್ರತಿ ತುಂಡಿನ ಮೂಲೆಯನ್ನೂ ಕಾಗದದ ಮೂಲೆಗೆ ಹಿಡಿದು ನೋಡಿದ. ಎಲ್ಲ ಮೂಲೆಯೂ ಸರಿ! ಮೂಲೆಯೆಲ್ಲ ಸರಿಯಿದ್ದೂ ಒಂದಕ್ಕೊಂದು ಸೇರದ ನೂರು ತುಂಡುಗಳ ನಡುವೆ ದೆಸೂಕಿ ಮಂಡಿಯೂರಿ ಕೂತಿದ್ದ. ಬೆವರು ಮೂಗಿನಿಂದ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಹಿಂದೆ ಗೋಡೆ, ಮುಂದೆ ಬೀದಿ.

ಕದದ ಕೆಳಗೆ ತಲೆ ಬಗ್ಗಿಸಿ ಹೆಂಡತಿ ಇನ್ಸಾಫ್ ಒಳಗೆ ಬಂದಳು. ಕೈಯಲ್ಲಿ ಊಟದ ಡಬ್ಬಿ, ಬೇಯಿಸಿದ ಅವರೆ, ರೊಟ್ಟಿ, ಉಪ್ಪಿನಕಾಯಿ. ನೆಲ ನೋಡಿದಳು. ಗಂಡನ ಮುಖ ನೋಡಿದಳು. ಡಬ್ಬಿ ಪಕ್ಕಕ್ಕಿಟ್ಟಳು.

"ಎದುರುಗಡೆಯವರನ್ನ ಕೇಳಿ, ಸಬ್ರೀನಪ್ಪ."

"ಅವನನ್ನಾ? ಬೇಕಾದ್ರೆ ಸಾಯ್ತೀನಿ."

"ಸಾಯಿರಿ. ನಿಮ್ಮ ನಲವತ್ತಕ್ಕೆ ನಕ್ಷತ್ರ ಯಾರು ಬರೀತಾರೆ ಅಂತ ಹೇಳಿ ಸಾಯಿರಿ."

"ನಿನಗೇನು ಗೊತ್ತಾಗುತ್ತೆ? ಇದು ನಕ್ಷೆ ವಿಚಾರ."

"ಮದುವೆಯಾಗಿ ಹದಿನೇಳು ವರ್ಷ ಆಯ್ತು ರೀ. ನಿಮ್ಮ ಕೈಲಿ ನಾನು ಒಂದು ದಿನ ಪೆನ್ಸಿಲ್ ನೋಡಿಲ್ಲ," ಎಂದಳು ಇನ್ಸಾಫ್, ದನಿ ಏರಿಸದೆ. "ಪೆಟ್ಟಿಗೆಯಲ್ಲಿ ಇನ್ನೆಷ್ಟು ಕಾಗದ ಉಳಿದಿದೆ ಅಂತ ನನಗೂ ಎಣಿಸೋಕೆ ಬರುತ್ತೆ. ಮೂರು."

ದೆಸೂಕಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಇವಳಿಗೂ ಗೊತ್ತು! ಇಷ್ಟು ವರ್ಷ ಮನೆಯಲ್ಲಾದರೂ ನೆಮ್ಮದಿಯಿಂದ ಕೂತಿದ್ದೆ ಎಂದುಕೊಂಡಿದ್ದನಲ್ಲ. ಬಾಯಿಗೆ ಬಂದದ್ದನ್ನು ಆಡಿಬಿಡುತ್ತಿದ್ದನೇನೋ, ಅಷ್ಟರಲ್ಲಿ ಹೊರಗಿನಿಂದ ದನಿ ಕೇಳಿತು.

"ಉಸ್ತಾ! ಒಳಗಿದ್ದೀರಾ? ಅಪ್ಪನ ಸ್ನೇಹಿತರು ಬಂದಿದ್ದಾರೆ, ಒಂದು ಸಲ ಕಣ್ತುಂಬ ನೋಡ್ಬೇಕಂತೆ." ಶೌಕತ್ ಕದವನ್ನು ಸರ್ರನೆ ಮೇಲೆತ್ತಿಬಿಟ್ಟ.

ದೆಸೂಕಿ ಎರಡೂ ಕೈ ಚಾಚಿ ತುಂಡುಗಳನ್ನು ಮುಚ್ಚಲು ನೋಡಿದ. ನೂರು ತುಂಡಿಗೆ ಎರಡು ಕೈ ಎಲ್ಲಿ ಸಾಕು? ಶೌಕತ್‌ನ ಹಿಂದೆ ಮೂವರು ಮುದುಕರು ಕತ್ತು ಚಾಚಿ ನಿಂತಿದ್ದರು. ಅವರ ಹಿಂದೆ, ಐದು ಹೆಜ್ಜೆ ಆಚೆ, ಬಯೂಮಿ ದಿಂಬಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೇರ ಇತ್ತಲೇ ನೋಡುತ್ತಿದ್ದ.

"ಇನ್ನೂ ಜೋಡಿಸ್ತಾ ಇದ್ದೀರೇನೋ," ಎಂದ ಶೌಕತ್, ಅನುಮಾನದಿಂದ. ಅವನಿಗೂ ಕಣ್ಣಿತ್ತಲ್ಲ.

"ಹ್ಞೂಂ," ಎಂದ ದೆಸೂಕಿ. ಮತ್ತದೇ ಹ್ಞೂಂ.

"ದೋಣಿ ದಪ್ಪ ಆಗಿದೆ, ಉಸ್ತಾ," ಎಂದ ಬಯೂಮಿ, ಸೂಜಿಗೆ ದಾರ ಪೋಣಿಸುತ್ತಾ.

ಮುದುಕರು ಹಿಂದಕ್ಕೆ ತಿರುಗಿದರು. ಬಯೂಮಿ ದೆಸೂಕಿಯ ಕೆಲಸದ ಬಗ್ಗೆ ಬಾಯಿ ತೆರೆದದ್ದು ಅದೇ ಮೊದಲು. ಈಗಲೂ ಒಂದು ದಾರಿಯಿತ್ತು. ಇದು ಬೇರೆ ಕೆಲಸದ ಬಟ್ಟೆ, ನಿಮ್ಮದು ಮನೆಯಲ್ಲಿದೆ, ನಾಳೆ ಬನ್ನಿ ಎನ್ನಬಹುದಿತ್ತು. ನಂಬುತ್ತಿದ್ದರು ಕೂಡ. ಆದರೆ ನಾಳೆ? ನಾಳೆ ಇನ್ನೊಂದು ಸುಳ್ಳು, ನಾಡಿದ್ದು ಮತ್ತೊಂದು. ದೆಸೂಕಿಗೆ ಸಾಕಾಗಿ ಹೋಗಿತ್ತು. ಇನ್ಸಾಫ್ ಅವನ ಕಡೆ ನೋಡದೆ ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು.

"ಬಯೂಮಿ," ಎಂದ ಅವನು, ಗಂಟಲೊಳಗೇ. "ಒಂಚೂರು ಬಾ."

"ಕೇಳಿಸ್ತಿಲ್ಲ."

"ಬಾ ಅಂದೆ. ನೋಡಿ ಹೇಳು."

"ಕೇಳಿಸ್ತಿಲ್ಲ ಉಸ್ತಾ. ಆವತ್ತು ಕೂಗಿದೆಯಲ್ಲ, ಗಾಳಿ ಊದಿದ್ದಾನೆ ಅಂತ, ಆ ತುದಿವರೆಗೂ ಕೇಳಿಸಿತ್ತು. ಅಷ್ಟೇ ಗಟ್ಟಿಯಾಗಿ ಹೇಳು. ಏನು ಬರಲ್ಲ ನಿನಗೆ?"

ಬೀದಿಯಲ್ಲಿ ಕತ್ತರಿಗಳ ಸದ್ದು ಒಂದೊಂದಾಗಿ ನಿಂತಿತು. ಪಕ್ಕದಂಗಡಿಯವನು ಟ್ರಾನ್ಸಿಸ್ಟರ್ ಆರಿಸಿದ. ದೆಸೂಕಿ ಜಗಲಿಯ ಅಂಚಿಗೆ ಬಂದು ನಿಂತ. ಜೀವಮಾನವಿಡೀ ಹೆದರಿಕೊಂಡಿದ್ದ ಮಾತು, ಹೊರಗೆ ಬರುವಾಗ ಕೂಗಾಗಿಯೇ ಬಂತು.

"ನನಗೆ ನಕ್ಷೆ ಬರಲ್ಲ! ನಾನು ಯಾವತ್ತೂ ಬರೆದಿಲ್ಲ! ಎಲ್ಲ ನಮ್ಮಪ್ಪನ ಕಾಗದ!"

ಯಾರೂ ನಗಲಿಲ್ಲ. ನಕ್ಕಿದ್ದರೇ ಒಳ್ಳೆಯದಿತ್ತು.

ಬಯೂಮಿ ನಿಧಾನವಾಗಿ ದಿಂಬಿನ ಚೀಲ ಮಡಚಿಟ್ಟ. "ನಿಮ್ಮಪ್ಪನವು ಮೂವತ್ತು," ಎಂದ. "ಹನ್ನೊಂದು ನನ್ನವು."

"ನಿನ್ನವಾ?"

"ನಾನು ಬರೆದದ್ದು. ಗುರುಗಳು ತಿದ್ದಿದ್ದು. ನೀನು ಅವನ್ನ ಒಂದೊಂದೇ ತೆಗೆದು ಹೊಸದು ಹೊಸದು ಅಂತ ತೋರಿಸ್ತಿದ್ದಾಗ, ಇಲ್ಲಿ ಕೂತು ಎಣಿಸ್ತಾ ಇದ್ದೆ."

"ಹೇಳಬಹುದಿತ್ತಲ್ಲೋ!"

"ಯಾರು ನಂಬ್ತಿದ್ರು? ಮಗ ನೀನು. ನಾನು ಉಬ್ಬಿಸೋನು." ಅವನು ಜಗಲಿಯಿಂದ ಇಳಿದು, ಐದು ಹೆಜ್ಜೆ ದಾಟಿ, ಇಪ್ಪತ್ತಮೂರು ವರ್ಷದ ಮೇಲೆ ಗುರುವಿನ ಅಂಗಡಿಯ ಹೊಸ್ತಿಲು ತುಳಿದ. "ದಿಂಬಿನ ಚೀಲ ಹೊಲಿದು ಹೊಲಿದು ಮೂರು ಹೆಣ್ಣುಮಕ್ಕಳ ಮದುವೆ ಮಾಡಿದೆ ಕಣೋ ನಾನು. ನಿನಗೋಸ್ಕರ ಬಂದಿದ್ದೀನಿ ಅಂದ್ಕೋಬೇಡ. ಹಾಜಿ ಕೇಳಿದ ನಕ್ಷತ್ರ ಇದು. ಏ ಶೌಕತ್, ಚಹಾ ಹೇಳು, ಪುದೀನ ಹಾಕ್ಸು."

ನೆಲದಲ್ಲಿ ಕೂತು ಒಂದು ದೋಣಿಯನ್ನು ಎತ್ತಿಕೊಂಡ, ಪಕ್ಕದಲ್ಲಿ ಬೆರಳಿಟ್ಟು ಅಳೆದ. "ಸುತ್ತ ಒಂದೊಂದು ಬೆರಳು ಸೇರಿಸಿದ್ದೀಯ."

"ಮೂಲೆ ಎಲ್ಲ ಸರಿ ಇದೆಯಲ್ಲ?"

"ಮೂಲೆ ತಗೊಂಡು ಏನ್ಮಾಡ್ತೀಯ? ಕಾಗದದ ದೋಣಿ ಉದ್ದ ಎಂಟು, ಅಗಲ ಎರಡು. ನಾಲ್ಕು ಮೊಳ ಆರಾಗಬೇಕಾದ್ರೆ ಎಲ್ಲಕ್ಕೂ ಅದರರ್ಧ ಸೇರಬೇಕು. ಉದ್ದ ಹನ್ನೆರಡು, ಅಗಲ ಮೂರು. ನಿನ್ನದು ಉದ್ದ ಹನ್ನೊಂದೂ ಬಂದಿಲ್ಲ, ಅಗಲ ನೋಡಿದ್ರೆ ನಾಲ್ಕು. ಮನೆಗೆ ರೊಟ್ಟಿ ಹಂಚೋನು ಮೂಟೆ ಹೊರೋನಿಗೂ ಒಂದು ಜಾಸ್ತಿ, ಹಾಲು ಕುಡಿಯೋ ಮಗೂಗೂ ಒಂದು ಜಾಸ್ತಿ ಕೊಟ್ಟ ಹಾಗಾಯ್ತು. ಮಗು ಹೊಟ್ಟೆ ಉಬ್ಬದೆ ಇನ್ನೇನಾಗುತ್ತೆ? ದೊಡ್ಡದಕ್ಕೆ ದೊಡ್ಡ ಪಾಲು, ಚಿಕ್ಕದಕ್ಕೆ ಚಿಕ್ಕ ಪಾಲು ಹೋಗಬೇಕು. ಆಗಲೇ ಮುಖ ಅದೇ ಇದ್ದು ಆಳು ದೊಡ್ಡವನಾಗೋದು."

"ನೂರು ತುಂಡಿನ ಪಾಲನ್ನೂ ಲೆಕ್ಕ ಹಾಕಬೇಕಾ?"

"ಒಂದನ್ನೂ ಹಾಕಬೇಡ. ಆರು ಮೊಳದ ಖಾಲಿ ಕಾಗದ ತಾ."

ಇನ್ಸಾಫ್ ತಂದುಕೊಟ್ಟಳು. ಬಯೂಮಿ ಅದನ್ನು ಎಂಟು ಮಡಿಕೆ ಮಾಡಿದ. ಅದರ ಮೇಲೆ ಹನಫಿಯ ಹಳೆಯ ಕಾಗದವನ್ನು, ಅದೂ ಎಂಟೇ ಮಡಿಕೆ, ತುದಿಗೆ ತುದಿ, ಅಂಚಿಗೆ ಅಂಚು ಕೂಡಿಸಿ ಇಟ್ಟ. ಎರಡರ ತುದಿಗೂ ಸೇರಿಸಿ ಒಂದು ಗುಂಡುಸೂಜಿ ಚುಚ್ಚಿದ. ನಕ್ಷತ್ರದ ನಟ್ಟನಡು ಅದು. ಸೂಜಿಗೆ ಒಂದು ದಾರ ಕಟ್ಟಿದ.

"ಈ ತೂತು ನೋಡು. ದಾರವನ್ನ ನಡುವಿನಿಂದ ಇಲ್ಲಿವರೆಗೆ ಎಳಿ. ಹಿಡ್ಕೊಂಡ್ಯಾ? ಅಷ್ಟುದ್ದವನ್ನ ಮಡಚಿದ್ರೆ ಅರ್ಧ ಸಿಕ್ಕಿತು. ಅದೇ ನೇರಕ್ಕೆ ತೂತು ದಾಟಿ ಆ ಅರ್ಧದಷ್ಟು ಮುಂದೆ ಹೋಗು. ಅಲ್ಲಿ ಕೆಳಗಿನ ಕಾಗದಕ್ಕೆ ತಾಗೋ ಹಾಗೆ ಸೂಜಿ ಊರಿ ಚುಕ್ಕಿ ಇಡು. ಮೂಲೆ ಇರೋ ತೂತುಗಳಿಗೆಲ್ಲ ಹೀಗೇ. ಹತ್ತಿರದ ತೂತು ಸ್ವಲ್ಪ ಸರಿಯುತ್ತೆ, ದೂರದ್ದು ಜಾಸ್ತಿ ಸರಿಯುತ್ತೆ. ಪಾಲು ತಾನೇ ಹಂಚಿಕೊಳ್ಳುತ್ತೆ. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಚುಚ್ಚು."

ಮೂರು ತೂತನ್ನು ಬಯೂಮಿ ಮಾಡಿ ತೋರಿಸಿದ. ನಾಲ್ಕನೆಯದಕ್ಕೆ ದಾರವನ್ನು ದೆಸೂಕಿಯ ಕೈಗೆ ಕೊಟ್ಟ. ದೆಸೂಕಿ ಎಳೆದ, ಮಡಚಿದ, ಮುಂದೆ ಸರಿಸಿದ, ಚುಕ್ಕಿಯಿಟ್ಟ. ಐದನೆಯದು, ಆರನೆಯದು. ಹಳೆಯ ಕಾಗದವನ್ನು ಮೇಲೆತ್ತಿ ಆರು ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿದಾಗ ಕಾಗದದ ಮೇಲೆ ದೋಣಿ ಬಂದು ಕೂತಿತು. ಅಪ್ಪನದೇ ದೋಣಿ, ಅದೇ ತೆಳು ಮೈ, ಅಳತೆ ಮಾತ್ರ ದೊಡ್ಡದು. ಜಗಲಿಯ ಕೆಳಗೆ ನಿಂತ ಮುದುಕರಲ್ಲೊಬ್ಬ "ಮಾಷಾ ಅಲ್ಲಾ" ಎಂದ.

ದೆಸೂಕಿ ಕೈಯಲ್ಲಿದ್ದ ದಾರವನ್ನೇ ನೋಡುತ್ತಾ ಕೂತ. ಬಯೂಮಿಯ ಚಹಾ ಬಂದು ಪಕ್ಕದಲ್ಲಿತ್ತು. ಇನ್ನೂ ಬಿಸಿಯಿತ್ತು.

"ಇಷ್ಟೇನಾ?" ಎಂದ.

"ಇಷ್ಟೇ."

"ಇದಿಷ್ಟೇನಾ ಬಯೂಮಿ?"

"ಇಷ್ಟೇ ಕಣೋ. ಗುರುಗಳು ನನಗೆ ಹೇಳಿಕೊಟ್ಟಿದ್ದೂ ಒಂದು ಚಹಾ ಕುಡಿಯೋ ಹೊತ್ತಲ್ಲಿ. ಗುರುಗಳು ಹೋದ ಮೂರನೇ ದಿನ ನೀನು ಬಂದು ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

ದೆಸೂಕಿಗೆ ಅಳು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಲವತ್ತಾರು ವರ್ಷದ ಗಂಡಸು, ಹೆಂಡತಿಯ ಮುಂದೆ, ತುಹಾಮಿಯ ಮಗನ ಮುಂದೆ, ಮಗುವಿನ ಹಾಗೆ ಬಿಕ್ಕಿದ.

"ಅಳೋದಿದ್ರೆ ಆ ಕಡೆ ತಿರುಗಿ ಅಳು," ಎಂದ ಬಯೂಮಿ, ಮುಂದಿನ ತೂತಿಗೆ ದಾರ ಎಳೆಯುತ್ತಾ. "ಕಾಗದ ನೆಂದ್ರೆ ತೂತು ಅಗಲ ಆಗ್ತವೆ."

ದೆಸೂಕಿ ಬೀದಿಯ ಕಡೆ ತಿರುಗಿ ಕೂತ, ಎಲ್ಲರೂ ನೋಡುತ್ತಿದ್ದ ಹಾಗೆಯೇ ಅತ್ತ.